ಅಂಗಳಕ್ಕೆ ಕಲ್ಲು ಹಾಸಿಸುತ್ತಿದ್ದೇವೆ, ಸಂಜೆಯಾದರೆ ಜಿಂಕೆ ಬರುತ್ತದೆ: ಏನು ಮಾಡಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಮಂಡಗದ್ದೆ ಕಡೆ. ಮನೆಯ ಹಿಂದೆಯೇ ಕಾಡು. ಮಳೆಗಾಲದಲ್ಲಿ ರಸ್ತೆಯಿಂದ ಅಂಗಳಕ್ಕೆ ಬರುವ ದಾರಿ ಪೂರ್ತಿ ಕೆಸರು. ಮಾವನವರಿಗೆ ವಯಸ್ಸಾಗಿದೆ, ಜಾರಿ ಬಿದ್ದರೆ ಕಷ್ಟ ಎಂದು ಸಂಕ್ರಾಂತಿ ಕಳೆದ ಮೇಲೆ ಜಂಬಿಟ್ಟಿಗೆ ಕಲ್ಲು ಹಾಸಿಸಲು ಶುರು ಮಾಡಿದೆವು. ಟ್ರ್ಯಾಕ್ಟರ್ ಒಳಗೆ ಬರಲಿ ಎಂದು ಬೇಲಿ ಬಿಚ್ಚಿ, ಅಗಳದ (ಕಂದಕದ) ಒಂದು ಕಡೆ ಮಣ್ಣು ತುಂಬಿಸಿದ್ದೇವೆ. ಕೆಲಸ ಶುರುವಾದ ಸ್ವಲ್ಪ ದಿನಕ್ಕೇ ಸಂಜೆ ಹೊತ್ತು ಜಿಂಕೆ ಬರತೊಡಗಿತು. ಒಂದೇ ಬರುತ್ತದೆ. ಕೆಂಪು ಮಿಶ್ರಿತ ಕಂದು ಬಣ್ಣ, ನಮ್ಮ ನಾಯಿಗಿಂತ ಸ್ವಲ್ಪ ದೊಡ್ಡದು, ಮೈಮೇಲೆ ಚುಕ್ಕೆ ಇಲ್ಲ. ಆದರೆ ಮೊನ್ನೆ ಜೊತೆಗಿದ್ದ ಮರಿಗೆ ಚುಕ್ಕೆ ಇತ್ತು. ಬೇರೆ ಜಿಂಕೆಯ ಮರಿ ಇರಬಹುದಾ? ಬಸಳೆ, ದಾಸವಾಳದ ಚಿಗುರು, ಗುಲಾಬಿ ಮೊಗ್ಗು ತಿಂದಿದೆ. ಕಲ್ಲಿನ ಸಂದಿಗೆ ತುಂಬಿದ ಹಸಿ ಸಿಮೆಂಟಿನ ಮೇಲೆ ಗೊರಸಿನ ಗುರುತು ಬಿದ್ದಿದೆ, ಎರಡು ಬೆರಳಿನಷ್ಟೂ ಅಗಲ ಇಲ್ಲ. ಮಾವನವರು ಅನ್ನ, ಬಾಳೆಹಣ್ಣು ಇಡುತ್ತಾರೆ. ಜಿಂಕೆ ಹಿಂದೆ ಚಿರತೆ ಬರುತ್ತದೆ ಎಂದು ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ. ರಾತ್ರಿ ಗುಡ್ಡದ ಕಡೆಯಿಂದ ಯಾವುದೋ ನಾಯಿ ಒಂದೇ ಸಮ ಬೊಗಳುವುದೂ ಕೇಳಿಸುತ್ತದೆ. ಕೆಲಸದವರಿಗೆ ಮಂಗನ ಕಾಯಿಲೆಯ ಭಯ. ಬಲೆ ಕಟ್ಟಿ, ಇಲ್ಲಾಂದ್ರೆ ತಂತಿಗೆ ಕರೆಂಟ್ ಕೊಡಿ ಎಂದು ಮೇಸ್ತ್ರಿ ಹೇಳುತ್ತಾರೆ. ಕೆಲಸ ನಿಲ್ಲಿಸಬೇಕಾ?

ಉತ್ತರ: ಕೆಲಸ ನಿಲ್ಲಿಸುವುದು ಬೇಡ. ಬಲೆಯೂ ಬೇಡ. ಕರೆಂಟ್ ಅಂತೂ ಬೇಡವೇ ಬೇಡ, ಅದನ್ನು ಮೇಸ್ತ್ರಿಗೆ ಇವತ್ತೇ ಹೇಳಿಬಿಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

ಮೊದಲು, ಬರುತ್ತಿರುವುದು ಯಾವ ಪ್ರಾಣಿ ಎಂದು ಗೊತ್ತಾಗಬೇಕು. ನೀವು ಬರೆದಿರುವ ವಿವರ ಚೆನ್ನಾಗಿದೆ, ಉತ್ತರ ಅದರಲ್ಲೇ ಇದೆ. ಚುಕ್ಕೆ ಜಿಂಕೆ ಸಾಮಾನ್ಯವಾಗಿ ಹಿಂಡಿನಲ್ಲಿರುತ್ತದೆ, ದೊಡ್ಡದಾದ ಮೇಲೂ ಚುಕ್ಕೆ ಹಾಗೇ ಇರುತ್ತದೆ. ಕಡವೆಯ ಗಾತ್ರ ಹೆಚ್ಚುಕಮ್ಮಿ ದನದಷ್ಟು. ನಿಮ್ಮ ಮನೆಗೆ ಬರುತ್ತಿರುವುದು ಒಂಟಿ, ಕೆಂಪು ಕಂದು, ನಾಯಿಗಿಂತ ಸ್ವಲ್ಪ ದೊಡ್ಡದು, ಗೊರಸು ಪುಟ್ಟದು. ಇದು ಕಾಡುಕುರಿ. ಹೆಸರಿನಲ್ಲಿ ಕುರಿ ಇದ್ದರೂ ಇದೂ ಜಿಂಕೆಯ ಜಾತಿಯದೇ. ಎತ್ತರ ಸುಮಾರು ಎರಡು ಅಡಿ, ತೂಕ 20ರಿಂದ 28 ಕಿಲೋ. ಮರಿಗೆ ಚುಕ್ಕೆ ಇರುವುದು ಸಹಜ. ಕಾಡುಕುರಿಯ ಮರಿ ಚುಕ್ಕೆ ಹೊತ್ತೇ ಹುಟ್ಟುತ್ತದೆ, ಬೆಳೆಯುತ್ತಾ ಚುಕ್ಕೆ ಮಾಸಿಹೋಗುತ್ತದೆ. ಹಾಗಾಗಿ ಅದು ಬೇರೆಯವರ ಮರಿಯಲ್ಲ, ಆ ತಾಯಿಯದೇ.

ಇನ್ನು ಆ ನಾಯಿ. ಅದು ಕಾಡುಕುರಿಯದೇ ಕೂಗು ಇರಬೇಕು. ಒರಟಾಗಿ, ಒಂದೊಂದೇ ಬಾರಿ, ನಡುವೆ ಸ್ವಲ್ಪ ಬಿಟ್ಟು ಬಿಟ್ಟು ಬೊಗಳುತ್ತದೆ. ಒಮ್ಮೊಮ್ಮೆ ತುಂಬಾ ಹೊತ್ತು ನಿಲ್ಲಿಸುವುದೇ ಇಲ್ಲ. ಊರ ನಾಯಿಯಾದರೆ ನಾಲ್ಕು ಸಲ ಬೊಗಳಿ ದನಿ ಬದಲಿಸುತ್ತದೆ, ಗುರುಗುಟ್ಟುತ್ತದೆ, ಬೇರೆ ನಾಯಿ ಉತ್ತರ ಕೊಡುತ್ತದೆ. ಕಾಡುಕುರಿಯದು ಒಂದೇ ದನಿ, ಒಂದೇ ಅಳತೆ. ಇವತ್ತು ರಾತ್ರಿ ಗಮನವಿಟ್ಟು ಕೇಳಿ, ನಿಮಗೇ ಗೊತ್ತಾಗುತ್ತದೆ.

ಗಿಡ ತಿಂದದ್ದೂ ಇದೇ ಪ್ರಾಣಿಯಾ ಎಂದು ನೋಡಲು ಒಂದು ಸುಲಭದ ಉಪಾಯವಿದೆ. ದಾಸವಾಳದ ಕಡಿದ ತುದಿಯನ್ನು ಹತ್ತಿರದಿಂದ ನೋಡಿ. ಜಿಂಕೆ ಜಾತಿಯ ಪ್ರಾಣಿಗಳಿಗೆ ದನದ ಹಾಗೆಯೇ ಮೇಲಿನ ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಎಲೆಯನ್ನು ಕಚ್ಚಿ ಎಳೆದು ಹರಿಯುತ್ತವೆ. ಹಾಗಾಗಿ ತುದಿ ಸಿಗುರು ಸಿಗುರಾಗಿ, ನಾರು ಎದ್ದು ಇರುತ್ತದೆ. ಚಾಕುವಿನಿಂದ ಓರೆಯಾಗಿ ಕೊಯ್ದಂತೆ ನುಣ್ಣಗಿದ್ದರೆ ಅದು ಮೊಲದ ಕೆಲಸ. ನೆಲ ಅಗೆದು ಗೆಡ್ಡೆ ತಿಂದಿದ್ದರೆ ಹಂದಿ ಅಥವಾ ಮುಳ್ಳುಹಂದಿ. ಎಷ್ಟೋ ಮನೆಗಳಲ್ಲಿ ಹಗಲು ಕಂಡ ಜಿಂಕೆಯ ಮೇಲೆ ರಾತ್ರಿ ಬಂದ ಹಂದಿಯ ಅಪವಾದ ಬೀಳುತ್ತದೆ. ತಪ್ಪು ಪ್ರಾಣಿಗೆ ಬೇಲಿ ಹಾಕಿ ದುಡ್ಡು ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಹೇಳಿದೆ.

ಈಗ, ಇಷ್ಟು ವರ್ಷ ಬಾರದ್ದು ಈಗ ಯಾಕೆ ಬಂತು? ಸಿಮೆಂಟಿನ ವಾಸನೆಗೆ ಬರುತ್ತದೆ, ಹೊಸ ಮಣ್ಣಿನ ಉಪ್ಪಿಗೆ ಬರುತ್ತದೆ ಎಂದು ಜನ ಹೇಳುವುದುಂಟು. ಕಾಡುಪ್ರಾಣಿಗಳು ಉಪ್ಪಿನಂಶ ಇರುವ ಮಣ್ಣು ನೆಕ್ಕುವುದು ನಿಜ. ಸಿಮೆಂಟಿಗೆ ಬರುತ್ತವೆ ಎನ್ನುವುದಕ್ಕೆ ಆಧಾರವಿಲ್ಲ. ನನ್ನ ಪ್ರಕಾರ ಕಾರಣ ನಿಮ್ಮ ಪತ್ರದ ಒಂದೇ ಸಾಲಿನಲ್ಲಿದೆ: ಟ್ರ್ಯಾಕ್ಟರ್‌ಗಾಗಿ ಬೇಲಿ ಬಿಚ್ಚಿ ಅಗಳ ಮುಚ್ಚಿದಿರಿ.

ಆ ಅಗಳ ತೋಡಿದ ಹಿರಿಯರು ಸುಮ್ನೆ ತೋಡಿರಲಿಲ್ಲ. ದನ, ಹಂದಿ, ಜಿಂಕೆ ಎಲ್ಲವನ್ನೂ ಅದು ತಡೆಯುತ್ತಿತ್ತು. ಕಾಡುಕುರಿ ಆ ಅಂಚಿನಲ್ಲಿ ದಿನಾ ಓಡಾಡುತ್ತಲೇ ಇದ್ದಿರಬೇಕು, ನಿಮಗೆ ಕಾಣುತ್ತಿರಲಿಲ್ಲ ಅಷ್ಟೆ. ಅಗಳದುದ್ದಕ್ಕೂ ಬಂದ ಪ್ರಾಣಿಗೆ ಒಂದು ಕಡೆ ನೆಲ ಸಮ ಸಿಕ್ಕಿತು, ದಾಟಿತು. ಆಚೆ ಬಸಳೆ ಸಿಕ್ಕಿತು. ಕಾಲವೂ ಕೂಡಿಬಂತು. ಮಾಘ ಕಳೆದ ಮೇಲೆ ಕಾಡಿನ ಸಣ್ಣ ಹಳ್ಳ, ಒರತೆ ಬತ್ತುತ್ತವೆ, ಹಸಿ ಹುಲ್ಲು ಕಮ್ಮಿಯಾಗುತ್ತದೆ. ಅದೇ ಹೊತ್ತಿಗೆ ನೀವು ಸಿಮೆಂಟಿಗೆ ನೀರು ಕಟ್ಟುತ್ತಿದ್ದೀರಿ. ಕಲ್ಲಿನ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ನೀರು ಬಿದ್ದ ಕಡೆ ದಾರಿ ಬದಿಯಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಕೊಟ್ಟಿಗೆ ಹತ್ತಿರ ಅಕ್ಕಚ್ಚು ಚೆಲ್ಲಿದ್ದರೆ ಅದೂ ಸೇರಿತು. ಮೇಲಿಂದ ಮಾವನವರ ಬಾಳೆಹಣ್ಣು. ಇಷ್ಟಿದ್ದರೆ ಯಾರು ಬರುವುದಿಲ್ಲ ಹೇಳಿ!

ಪಕ್ಕದ ಮನೆಯವರ ಚಿರತೆ ಮಾತಿಗೆ ಬರೋಣ. ಅದರಲ್ಲಿ ಅರ್ಧ ಸತ್ಯವಿದೆ. ಕಾಡುಕುರಿ ಚಿರತೆಗೆ ಆಹಾರ, ಚಿರತೆ ಕಂಡರೆ ಕಾಡುಕುರಿ ಬೊಗಳುವುದೂ ಹೌದು. ಆದರೆ ಮನುಷ್ಯರನ್ನು ಕಂಡರೂ, ಸಂಶಯ ಬಂದರೂ ಬೊಗಳುತ್ತದೆ. ಬೊಗಳಿದಾಗಲೆಲ್ಲ ಚಿರತೆ ಬಂತು ಎಂದಲ್ಲ. ಮಂಡಗದ್ದೆಯಿಂದ ಶೆಟ್ಟಿಹಳ್ಳಿ ಅಭಯಾರಣ್ಯದವರೆಗಿನ ಕಾಡಿನಲ್ಲಿ ಚಿರತೆ ಮೊದಲಿನಿಂದಲೂ ಇದೆ, ನಿಮ್ಮ ಅಂಗಳದ ಜಿಂಕೆ ಅದನ್ನು ಹೊಸದಾಗಿ ಕರೆತರಬೇಕಿಲ್ಲ. ಚಿರತೆ ಮನೆಯಂಗಳಕ್ಕೆ ಬರುವುದು ಬಹುತೇಕ ನಾಯಿಗಾಗಿ. ಆದ್ದರಿಂದ ಕತ್ತಲಾದ ಮೇಲೆ ನಾಯಿಯನ್ನು ಒಳಗೆ ಅಥವಾ ಭದ್ರವಾದ ಗೂಡಿನಲ್ಲಿ ಇಡಿ. ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ. ಹೊಸ ದಾರಿಯ ಎರಡು ಕಡೆ ಪೊದೆ ಸವರಿಸಿ. ಅಷ್ಟು ಸಾಕು.

ನಾಯಿಯ ಬಗ್ಗೆ ಇನ್ನೊಂದು ಮಾತು, ಇದು ಚಿರತೆಗಿಂತ ಮುಖ್ಯ. ನಾಯಿ ಬಿಟ್ಟು ಓಡಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪಶುವೈದ್ಯನಾಗಿ ನನ್ನ ಬಳಿ ಬಂದ ಜಿಂಕೆಗಳಲ್ಲಿ ಬಹಳಷ್ಟು ನಾಯಿ ಅಟ್ಟಿಸಿದ್ದೇ ಆಗಿತ್ತು. ಎಷ್ಟೋ ಸಲ ಮೈಮೇಲೆ ಒಂದು ಗಾಯವೂ ಇರುವುದಿಲ್ಲ. ಜೀವ ಉಳಿಸಿದೆವು ಎಂದು ಹುಡುಗರು ಕೈಕಾಲು ಕಟ್ಟಿ ತಂದಿರುತ್ತಾರೆ. ಪ್ರಾಣಿ ಬಾಯಿ ತೆರೆದು ಏದುಸಿರು ಬಿಡುತ್ತಿರುತ್ತದೆ, ತೊಡೆಯ ಸ್ನಾಯು ಮುಟ್ಟಿದರೆ ಕಲ್ಲಿನ ಹಾಗೆ ಬಿಗಿ, ಮೂತ್ರ ಕಾಫಿ ಬಣ್ಣ. ಭಯದಿಂದ ಮಿತಿ ಮೀರಿ ಓಡಿದಾಗ ಸ್ನಾಯುಗಳು ಒಳಗೇ ಹಾಳಾಗುತ್ತವೆ. ಅದರಿಂದ ಬಿಡುಗಡೆಯಾದ ಬಣ್ಣದ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ, ಹೃದಯಕ್ಕೂ ಪೆಟ್ಟು ಬೀಳುತ್ತದೆ. ಎದ್ದು ನಿಂತು ಸುಧಾರಿಸಿತು ಅಂದುಕೊಂಡ ಪ್ರಾಣಿ ಒಂದೆರಡು ದಿನ ಕಳೆದು ಸಾಯುತ್ತದೆ. ಅಷ್ಟು ಹೊತ್ತಿಗೆ ನಮ್ಮ ಕೈಯಲ್ಲಿ ಮಾಡುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ಆ ಸಾವು ನೋಡಿದ ಮೇಲೆ ಅಟ್ಟಿಸುವುದು, ಹಿಡಿಯುವುದು ಎಂಬ ಮಾತು ಕೇಳಿದರೇ ನನಗೆ ಸಂಕಟವಾಗುತ್ತದೆ. ನಾಯಿಗೂ ಅಪಾಯ ತಪ್ಪಿದ್ದಲ್ಲ. ಗಂಡು ಕಾಡುಕುರಿಗೆ ಮೇಲ್ದವಡೆಯಲ್ಲಿ ಚೂಪಾದ ಕೋರೆ ಹಲ್ಲು ಇರುತ್ತದೆ, ಸಿಕ್ಕಿಬಿದ್ದರೆ ಸೀಳಿಬಿಡುತ್ತದೆ.

ನೈಲಾನ್ ಬಲೆ ಬೇಡ ಎಂದದ್ದೂ ಇದೇ ಕಾರಣಕ್ಕೆ. ಕಾಲು, ಕೊಂಬು ಸಿಕ್ಕಿಕೊಂಡು ರಾತ್ರಿಯಿಡೀ ಒದ್ದಾಡಿದರೆ ಬೆಳಗ್ಗೆ ಬಿಡಿಸಿದರೂ ಉಳಿಯುವುದು ಕಷ್ಟ. ಕೇರೆ ಹಾವು, ನಾಗರಹಾವು ಸಿಕ್ಕಿಕೊಂಡರೆ ಬಿಡಿಸುವುದು ಇನ್ನೊಂದು ಪಾಡು. ಮನೆ ಲೈನಿನ ಕರೆಂಟ್ ತಂತಿಗೆ ಕೊಡುವುದಂತೂ ಅಪರಾಧ. ಜಿಂಕೆ ಮಾತ್ರ ಅಲ್ಲ, ಬೆಳಗ್ಗೆ ಹೂ ಕೊಯ್ಯಲು ಹೋದ ಮನೆಯವರೇ ಸತ್ತ ಉದಾಹರಣೆಗಳಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಉರುಳು ಹಾಕುವುದು, ಅದಕ್ಕೆ ಪ್ರಯತ್ನ ಮಾಡುವುದೂ ಬೇಟೆಯೇ. ಮೇಸ್ತ್ರಿ ಹೇಳಿದ್ದು, ನಮಗೆ ಗೊತ್ತಿರಲಿಲ್ಲ ಎಂದರೆ ಕೇಸು ತಪ್ಪುವುದಿಲ್ಲ.

ಮಂಗನ ಕಾಯಿಲೆಯ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1957ರಲ್ಲಿ ಈ ಕಾಯಿಲೆ ಮೊದಲು ಗುರುತಾದದ್ದೇ ನಮ್ಮ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018-19ರಲ್ಲಿ ಇದೇ ಕಾಯಿಲೆಯಿಂದ ಹಲವರು ಸತ್ತದ್ದನ್ನು ಯಾರೂ ಮರೆತಿಲ್ಲ. ಕೆಲಸದವರು ಹೆದರುವುದರಲ್ಲಿ ತಪ್ಪಿಲ್ಲ. ಆದರೆ ಅವರು ಜಿಂಕೆ ಕಡೆ ನೋಡುತ್ತಿದ್ದಾರೆ, ನೋಡಬೇಕಾದದ್ದು ಕಾಲ ಕೆಳಗಿನ ದರಗು, ಅಂದರೆ ಉದುರಿದ ಒಣ ಎಲೆ.

ಈ ವೈರಸ್ ಹರಡುವುದು ಉಣುಗಿನಿಂದ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಎಳ್ಳುಕಾಳಿನಷ್ಟಿರುವ ಮರಿ ಉಣುಗು. ಬೇಸಿಗೆಯ ಒಣ ತಿಂಗಳುಗಳಲ್ಲಿ ಅದು ತರಗೆಲೆಯಲ್ಲಿ ಇರುತ್ತದೆ. ದೊಡ್ಡ ಉಣುಗು ರಕ್ತ ಹೀರುವುದು ದನ, ಜಿಂಕೆಯಂಥ ದೊಡ್ಡ ಪ್ರಾಣಿಗಳಿಂದ. ಹೀರಿದ ಮೇಲೆ ಕೆಳಗೆ ಬಿದ್ದು ಮೊಟ್ಟೆ ಇಡುತ್ತದೆ. ಅಂದರೆ ಜಿಂಕೆ ಬಂದರೆ ಉಣುಗು ಉದುರಬಹುದು, ಅದು ನಿಜ. ಆದರೆ ಕಾಡಿಗೆ ಮೇಯಲು ಹೋಗಿ ಬರುವ ನಿಮ್ಮ ಕೊಟ್ಟಿಗೆಯ ದನವೂ ಅದೇ ಕೆಲಸ ಮಾಡುತ್ತದೆ. ಜಿಂಕೆಯನ್ನು ಓಡಿಸಿ ದನವನ್ನು ಗುಡ್ಡಕ್ಕೆ ಬಿಟ್ಟರೆ ಏನೂ ಉಪಯೋಗವಿಲ್ಲ, ಅಲ್ವಾ?

ಹಾಗಾಗಿ ಕೆಲಸದವರಿಗೆ ಹೀಗೆ ಹೇಳಿ. ಊಟಕ್ಕೆ, ಎಲೆ ಅಡಿಕೆಗೆ ಮರದ ನೆರಳಿನ ದರಗಿನ ಮೇಲೆ ಕೂರಬೇಡಿ, ಅಂಗಳದಲ್ಲಿ ಕೂರಿ. ದಾರಿಯ ಎರಡೂ ಬದಿ ಮೂರ್ನಾಲ್ಕು ಅಡಿ ದರಗು ತೆಗೆಯಿರಿ, ಕೈಯಿಂದ ಬಾಚಬೇಡಿ, ಉದ್ದ ಹಿಡಿಕೆಯ ಗೋರೆ ಬಳಸಿ. ತುಂಬು ತೋಳಿನ ಅಂಗಿ, ಪ್ಯಾಂಟು ಇರಲಿ. ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಕೈಕಾಲಿಗೆ ಹಚ್ಚಿಕೊಳ್ಳಿ. ಸಂಜೆ ಬಿಸಿನೀರಿನ ಸ್ನಾನ, ಹಾಕಿದ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಉಣುಗು ಕಂಡರೆ ಉಗುರಿನಲ್ಲಿ ಒತ್ತಿ ಒಡೆಯಬೇಡಿ, ಚಿಮಟದಿಂದ ನೇರವಾಗಿ ಎಳೆದು ತೆಗೆಯಿರಿ. ಉಣುಗು ಕಚ್ಚಿದ 3ರಿಂದ 8 ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗುವುದಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಕಾಡಿನ ಅಂಚಿನಲ್ಲಿ ಕೆಲಸ ಮಾಡುತ್ತಿದ್ದೆ ಎಂದು ಡಾಕ್ಟರಿಗೆ ಹೇಳಬೇಕು. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ಸುತ್ತಮುತ್ತ ಮಂಗ ಸತ್ತು ಬಿದ್ದಿದ್ದರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ.

ಮನೆಯಲ್ಲಿ ದನ ಇದ್ದರೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದೆಯಾ ನೋಡಿ. ಈ ಕಾಯಿಲೆ ದನದಿಂದ ಜಿಂಕೆಗೂ ದಾಟುತ್ತದೆ. ನಿಮ್ಮ ದನಕ್ಕೆ ಹಾಕಿಸಿದ ಲಸಿಕೆ ಆ ತಾಯಿ ಮರಿಗೂ ರಕ್ಷಣೆ.

ಮಾವನವರಿಗೆ ಹೇಳುವುದು ಸೂಕ್ಷ್ಮ. ಮನೆಗೆ ಬಂದ ಜೀವಕ್ಕೆ ತಿನ್ನಲು ಇಡಬೇಕು ಎನ್ನುವುದು ಅವರ ಒಳ್ಳೆಯ ಮನಸ್ಸು, ಅದನ್ನು ನೋಯಿಸಬೇಡಿ. ಆದರೆ ಅನ್ನ ಬೇಡ. ಕಾಡುಕುರಿಯೂ ಮೆಲುಕು ಹಾಕುವ ಪ್ರಾಣಿ. ಎಲೆ, ಚಿಗುರು, ಉದುರಿದ ನೆಲ್ಲಿಕಾಯಿ, ಅಮಟೆಕಾಯಿಗೆ ಒಗ್ಗಿದ ಹೊಟ್ಟೆ ಅದು. ಅನ್ನ, ಬಿಸ್ಕತ್ತು ಜಾಸ್ತಿ ಹೋದರೆ ಹೊಟ್ಟೆಯೊಳಗೆ ಹುಳಿಯಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಒಂದು ಬಾಳೆಹಣ್ಣಿನಿಂದ ಅದು ಸಾಯುವುದಿಲ್ಲ, ಆದರೆ ಅಭ್ಯಾಸವಾಗುತ್ತದೆ. ಮನುಷ್ಯರ ಕೈ ನೋಡಿ ಬರುವ ಪ್ರಾಣಿ ನಾಳೆ ಇನ್ನೊಬ್ಬರ ಅಂಗಳಕ್ಕೂ ಹಾಗೇ ಹೋಗುತ್ತದೆ. ಅಲ್ಲಿ ಕೈಯಲ್ಲಿ ಬಾಳೆಹಣ್ಣೇ ಇರಬೇಕೆಂದೇನೂ ಇಲ್ಲ. ಇಷ್ಟು ಹೇಳಿದರೆ ಮಾವನವರು ಒಪ್ಪುತ್ತಾರೆ ಎಂದು ನನಗೆ ನಂಬಿಕೆ ಇದೆ. ಬೇಕಾದರೆ ಕಾಡಿನ ಕಡೆಯ ಬೇಲಿಯಾಚೆ ಒಂದು ನೆಲ್ಲಿ, ಒಂದು ಅಮಟೆ ಗಿಡ ಅವರ ಕೈಯಲ್ಲೇ ನೆಡಿಸಿ.

ಇನ್ನು ಮಾಡಬೇಕಾದ ಕೆಲಸ. ಶಾಶ್ವತ ಪರಿಹಾರ ಅಗಳದ ಬಾಯಿಯನ್ನು ಮತ್ತೆ ತೆರೆಯುವುದು. ಕಲ್ಲು, ಮರಳು ಎಲ್ಲ ಬಂದು ಟ್ರ್ಯಾಕ್ಟರ್ ಕೆಲಸ ಮುಗಿದ ಮೇಲೆ ತುಂಬಿದ ಮಣ್ಣು ತೆಗೆಸಿ. ವಾಹನ ಒಳಗೆ ಬರುವುದು ಬೇಡ ಎಂದಾದರೆ ಮೊದಲಿನ ಹಾಗೆ ಸಂಕ ಹಾಕಿ, ರಾತ್ರಿ ಹಲಗೆ ಎಳೆದಿಡಿ. ವಾಹನ ಬರಲೇಬೇಕು ಎಂದರೆ ನೀರು ಹೋಗಲು ದೊಡ್ಡ ಪೈಪು ಹಾಕಿ ಮೇಲೆ ದಾರಿ ಮಾಡಿ, ಆದರೆ ಆ ಜಾಗಕ್ಕೆ ಗೇಟು ಇರಲಿ. ಅಡ್ಡ ಗಳುಗಳ ಹಳೆ ದಣಪೆ ದನಕ್ಕೆ ಸಾಕು, ಕಾಡುಕುರಿಗೆ ಸಾಲದು. ಅದು ಹಾರುವುದಕ್ಕಿಂತ ಕೆಳಗಿನಿಂದ ನುಸುಳುವುದೇ ಜಾಸ್ತಿ. ಗೇಟಿನ ಕೆಳಭಾಗಕ್ಕೆ ಸಣ್ಣ ಕಣ್ಣಿನ ಜಾಲರಿ ಬಡಿಸಿ, ನೆಲಕ್ಕೆ ಹತ್ತಿರ ಇರಲಿ. ತೋಟದ ಆ ಒಂದು ಬದಿಗೆ ಬೇಲಿ ಹಾಕಿಸುವುದಾದರೆ 5 ಅಡಿ ಎತ್ತರದ, 3 ಅಂಗುಲ ಕಣ್ಣಿನ ಕಬ್ಬಿಣದ ಜಾಲರಿ ಕಾಡುಕುರಿಗೆ ಸಾಕು. ಕಡವೆ ಬರುವ ಜಾಗವಾದರೆ ಈ ಲೆಕ್ಕ ನಡೆಯುವುದಿಲ್ಲ.

ಸೋಲಾರ್ ಬೇಲಿ ಬಗ್ಗೆ ಕೆಲವರು ಹೇಳುತ್ತಾರೆ. ಅದು ಕೊಲ್ಲುವುದಿಲ್ಲ, ಕ್ಷಣಮಾತ್ರದ ಹೊಡೆತ ಕೊಡುತ್ತದೆ, ಕಾನೂನಿಗೂ ಅಡ್ಡಿಯಿಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ಬಳ್ಳಿ, ಹುಲ್ಲು ತಂತಿಗೆ ತಾಗಿ ಶಕ್ತಿ ಇಳಿದುಹೋಗುತ್ತದೆ. ಒಂದು ಕಾಡುಕುರಿಗಾಗಿ ಅಷ್ಟು ಖರ್ಚು ಬೇಡ ಎನ್ನುವುದು ನನ್ನ ಅಭಿಪ್ರಾಯ. ಹಳೆ ಸೀರೆ ಕಟ್ಟುವುದು, ಕೂದಲು ಹಾಕುವುದು ನಾಲ್ಕು ದಿನ ನಡೆಯುತ್ತದೆ, ಆಮೇಲೆ ಪ್ರಾಣಿಗೆ ರೂಢಿಯಾಗುತ್ತದೆ. ಸಿಮೆಂಟ್ ಒಣಗುವವರೆಗಿನ ನಾಲ್ಕು ದಿನ ಸಾಕು ಎಂದರೆ ಸೀರೆ ಕಟ್ಟಿ, ತಪ್ಪಿಲ್ಲ.

ಆದರೆ ಇವತ್ತೇ ಹೋಗಿ ದಾರಿ ಮುಚ್ಚಿಬಿಡಬೇಡಿ. ಮರಿ ಇದೆ ಎಂದಿದ್ದೀರಿ. ತಾಯಿ ಮರಿಯನ್ನು ಪೊದೆಯಲ್ಲೋ, ಪೇರಿಸಿಟ್ಟ ಕಲ್ಲಿನ ಸಂದಿಯಲ್ಲೋ, ಟಾರ್ಪಾಲಿನ ಬದಿಯಲ್ಲೋ ಮಲಗಿಸಿ ಮೇಯಲು ಹೋಗುತ್ತದೆ. ಮರಿ ಅಲ್ಲಾಡದೆ ಬಿದ್ದಿರುತ್ತದೆ. ಜನ ಅನಾಥ ಮರಿ ಎಂದು ಎತ್ತಿಕೊಂಡು ಬಂದು ಹಾಲು ಕುಡಿಸುತ್ತಾರೆ. ಅಲ್ಲಿಗೆ ನಿಜವಾಗಿಯೂ ಅನಾಥವಾಗುತ್ತದೆ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದೇ ಇಲ್ಲ ಎಂಬುದು ಪೂರ್ತಿ ನಿಜವಲ್ಲ. ಅಕಸ್ಮಾತ್ ಎತ್ತಿದ್ದರೂ ಅದೇ ಜಾಗದಲ್ಲಿ ಇಟ್ಟು ದೂರ ಹೋದರೆ ತಾಯಿ ಬಂದು ಕರೆದೊಯ್ಯುವ ಸಾಧ್ಯತೆ ಇದೆ. ಕೆಲಸದವರು ಬೆಳಗ್ಗೆ ಕಲ್ಲು ಎತ್ತುವ ಮೊದಲು ಒಂದು ಸುತ್ತು ಹಾಕಿ ನೋಡಲಿ. ತಾಯಿ ಮರಿ ಎರಡೂ ಹೊರಗೆ ಹೋಗಿದ್ದು ಖಾತ್ರಿಯಾದ ಮೇಲೆಯೇ ಆ ದಾರಿ ಮುಚ್ಚಿ. ಮರಿ ಒಳಗೆ, ತಾಯಿ ಹೊರಗೆ ಆಗಬಾರದು. ಅಲ್ಲಿಯವರೆಗೆ ಬಸಳೆ ಚಪ್ಪರಕ್ಕೆ ಸುತ್ತ ಬಿದಿರಿನ ದಬ್ಬೆ ಒತ್ತೊತ್ತಾಗಿ ಕಟ್ಟಿ ಉಳಿಸಿಕೊಳ್ಳಿ. ದಾಸವಾಳ ಮತ್ತೆ ಚಿಗುರುತ್ತದೆ, ಬಿಡಿ. ಬಾವಿಗೆ ಕಟ್ಟೆ ಇಲ್ಲದಿದ್ದರೆ ಮುಚ್ಚಳ ಹಾಕಿ. ನೀರಿನ ತೊಟ್ಟಿಯೊಳಗೆ ಓರೆಯಾಗಿ ಒಂದು ಹಲಗೆ ಇಡಿ, ಮರಿ ಬಿದ್ದರೆ ಹತ್ತಿ ಬರಲು.

ಸಂದಿಗೆ ಸಿಮೆಂಟ್ ತುಂಬುವುದನ್ನು ಮಧ್ಯಾಹ್ನದೊಳಗೆ ಮುಗಿಸಿ, ಸಂಜೆ ಒದ್ದೆ ಗೋಣಿಚೀಲ ಹೊದಿಸಿ ಮೇಲೆ ಹಲಗೆ ಇಡಿ. ಗೊರಸಿನ ಗುರುತು ಬೀಳುವುದಿಲ್ಲ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ಅದೂ ತಪ್ಪುತ್ತದೆ. ನೀರು ಕಟ್ಟುವುದನ್ನು ಬೆಳಗ್ಗೆ ಮಾಡಿ, ಸಂಜೆಗೆ ತಗ್ಗಿನಲ್ಲಿ ನೀರು ನಿಂತಿರಬಾರದು. ಉಳಿದ ಅರ್ಧ ದಾರಿಗೆ ಸಿಮೆಂಟೇ ಬೇಕಾ ಎಂದೂ ಯೋಚಿಸಿ. ಕಲ್ಲಿನ ಪುಡಿ ತುಂಬಿದರೂ ಜಂಬಿಟ್ಟಿಗೆ ಗಟ್ಟಿಯಾಗಿ ಕೂರುತ್ತದೆ, ನೀರು ಇಂಗುತ್ತದೆ, ಹಾವಸೆ ಕಟ್ಟಿ ಮಾವನವರು ಜಾರುವುದೂ ಕಮ್ಮಿ. ದಾರಿ ಬದಿಗೆ ದಾಸವಾಳದ ಬದಲು ಮಜ್ಜಿಗೆ ಹುಲ್ಲು, ಅರಿಶಿನ ಹಾಕಿ. ಅವುಗಳ ಘಾಟಿಗೆ ಜಿಂಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಕಣಗಿಲೆ ಬೇಡ, ದನ ತಿಂದರೆ ವಿಷ.

ಪ್ರಾಣಿ ಗಾಯಗೊಂಡು ಬಿದ್ದಿದ್ದರೆ, ಬಾವಿಗೆ ಬಿದ್ದಿದ್ದರೆ, ತಾಯಿ ಸತ್ತು ಮರಿ ಉಳಿದಿದೆ ಎಂದು ಖಚಿತವಾಗಿ ಗೊತ್ತಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಅಥವಾ ನಿಮ್ಮ ವಲಯ ಅರಣ್ಯ ಕಚೇರಿಗೆ ಹೇಳಿ. ಅವರು ಬರುವವರೆಗೆ ಜನ ಸೇರಿಸಬೇಡಿ. ನಾಯಿ ಕಟ್ಟಿಹಾಕಿ. ಕೈಗೆ ಸಿಗುವಂತೆ ಬಿದ್ದಿದ್ದರೆ ಕಣ್ಣಿನ ಮೇಲೆ ತೆಳು ಬಟ್ಟೆ ಮುಚ್ಚಿ, ಮೂಗು ತೆರೆದಿರಲಿ, ನೆರಳಿರಲಿ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.